ಕಟ್ಟಿಕೊಳ್ಳೋದಲ್ಲ, ಕಟ್ಟಿಸಿಕೊಳ್ಳೋದು

ಹೋದ ನವೆಂಬರಿನ ಒಂದು ಭಾನುವಾರ. ಹೊರಗೆ ಜಿಟಿಜಿಟಿ ಮಳೆ. ಏಳು ವರ್ಷದ ಮಗಳು ನನ್ನ ಹಳೇ ಹಾರ್ಡ್ ಡಿಸ್ಕಿನ ಫೋಟೋಗಳನ್ನ ಒಂದೊಂದಾಗಿ ನೋಡ್ತಾ ಕೂತಿದ್ಲು. ನಾನು ಪಕ್ಕದಲ್ಲೇ ಸೋಮವಾರದ ರಿಲೀಸಿಗೆ ತಿಪ್ಪೆ ಸಾರಿಸ್ತಾ ಇದ್ದೆ. ಇದ್ದಕ್ಕಿದ್ದ ಹಾಗೆ ಅವಳು ಬಿದ್ದು ಬಿದ್ದು ನಗೋಕೆ ಶುರು ಮಾಡಿದಳು.

2014ರ ಫೋಟೋ ಅದು. ಬೆಂಗಳೂರಿನಲ್ಲಿದ್ದಾಗ ಆಫೀಸಿನ ಟೀಮ್ ಔಟಿಂಗು, ಕನಕಪುರ ರಸ್ತೆಯ ಯಾವುದೋ ರೆಸಾರ್ಟು. ಥೀಮು ‘ವೈಲ್ಡ್ ವೆಸ್ಟ್’. ಅರ್ಧ ಟೀಮು ಕೌಬಾಯ್, ಇನ್ನರ್ಧ ‘ರೆಡ್ ಇಂಡಿಯನ್’. ಚೀಟಿ ಎತ್ತಿದಾಗ ನನಗೆ ಬಂದಿದ್ದು ಎರಡನೇದು. ತಲೆ ಮೇಲೆ ಬಾಡಿಗೆಗೆ ತಂದ ಗರಿ ಕಿರೀಟ: ಬಣ್ಣ ಹಾಕಿದ ಕೋಳಿ ಪುಕ್ಕ, ಹಣೆಗೆ ಎಲಾಸ್ಟಿಕ್ ಪಟ್ಟಿ, ಬೆನ್ನಿನ ತನಕ ಇಳಿಬಿದ್ದ ಬಾಲ. ಕೆನ್ನೆ ಮೇಲೆ ಕುಂಕುಮದಲ್ಲಿ ಎರಡು ಗೆರೆ. ಅಂಗೈಯಿಂದ ಬಾಯಿ ಬಡ್ಕೊಂಡು ಊಳಿಡೋ ಪೋಸು.

“ಅಪ್ಪಾ, ನಾವು ಇಂಡಿಯನ್ಸ್ ಅಲ್ವಾ? ಮತ್ತೆ ನೀನ್ಯಾಕೆ ಇಂಡಿಯನ್ ವೇಷ ಹಾಕಿದೀಯ?”

ಕೊಲಂಬಸ್ ಮಾಡಿದ ಗೊಂದಲವನ್ನ ಐದು ನಿಮಿಷ ವಿವರಿಸಿದೆ. ಭಾರತ ಹುಡುಕೋಕೆ ಹೊರಟ, ದಾರಿ ತಪ್ಪಿ ಇಲ್ಲಿಗೆ ಬಂದ, ಇಲ್ಲಿದ್ದವರನ್ನ ಇಂಡಿಯನ್ಸ್ ಅಂದ, ಅದೇ ಹೆಸರು ಉಳ್ಕೊಂಡಿತು ಅಂತ. ಅವಳು ತಲೆ ಆಡಿಸಿದಳು. ಆಮೇಲೆ ಇನ್ನೊಂದು ಬಾಣ ಬಿಟ್ಟಳು.

“ಹಾಗಾದ್ರೆ ಅದು ಅವರದ್ದು. ನೀನು ಅವರನ್ನ ಕೇಳಿ ಹಾಕ್ಕೊಂಡ್ಯಾ?”

ಅವಳ ಕ್ಲಾಸಿನಲ್ಲಿ ಅದು ಮೊದಲ ನಿಯಮ. ಬೇರೆಯವರ ಪೆನ್ಸಿಲ್ ಮುಟ್ಟೋಕೆ ಮುಂಚೆ ಕೇಳಬೇಕು. ನಾನು “ಯಾರನ್ನ ಪುಟ್ಟಾ ಕೇಳೋದು?” ಅಂದು ಜಾರಿಕೊಂಡೆ. ಜಾರಿಕೊಳ್ಳೋಕೆ ಅಂತ ಆಡಿದ ಆ ಮಾತೇ ನಿಜವಾದ ಪ್ರಶ್ನೆ ಅಂತ ಹೊಳೆದಿದ್ದು ರಾತ್ರಿ ನಿದ್ದೆ ಬರದೇ ಇದ್ದಾಗ. ಒಂದು ಜನರ ತಲೆ ಮೇಲಿನ ಒಡವೆ ಯಾರದ್ದು? ಹಾಕ್ಕೊಳ್ಳೋ ಹಕ್ಕು ಯಾರು ಕೊಡೋದು? ಕೇಳಬೇಕು ಸರಿ, ಯಾರನ್ನ?

*

ನಾನೀಗ ಇರೋದು ನ್ಯೂ ಹ್ಯಾಂಪ್‌ಶೈರಿನ ನ್ಯಾಷುವಾದಲ್ಲಿ, ಬಾಸ್ಟನ್ನಿನಿಂದ ಒಂದು ಗಂಟೆ ದಾರಿ. ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್, ಗಡಿ ಆಚೆಗೆ ಕೆನಡಾದ ಕ್ವಿಬೆಕ್ ಪ್ರಾಂತ್ಯದ ದಕ್ಷಿಣ ಭಾಗ, ಇಷ್ಟೂ ಅಬೆನಾಕಿ ಜನರ ನಾಡು. ನೆರೆಯ ಪೆನಾಬ್‌ಸ್ಕಾಟ್, ಪಸಾಮಕ್ವಾಡಿ, ಮ್ಯಾಲಿಸೀಟ್, ಮಿಗ್ಮಾ ಜನರನ್ನೂ ಸೇರಿಸಿ ಇವರನ್ನೆಲ್ಲ ವಬನಾಕಿ ಅಂತಾರೆ. ವಬನ್ ಅಂದ್ರೆ ಬೆಳಗು, ಅಕಿ ಅಂದ್ರೆ ನೆಲ. ಬೆಳಗಿನ ನಾಡಿನವರು.

ನಾನು ಆವತ್ತು ಹಾಕ್ಕೊಂಡಿದ್ದ ಕಿರೀಟ ಇವರದ್ದಲ್ಲವೇ ಅಲ್ಲ. ಅದು ಇಲ್ಲಿಂದ ಸಾವಿರಾರು ಕಿಲೋಮೀಟರ್ ಪಶ್ಚಿಮಕ್ಕೆ, ಹುಲ್ಲುಗಾವಲಿನಲ್ಲಿ ಕುದುರೆ ಮೇಲೆ ಓಡಾಡುತ್ತಿದ್ದ ಲಕೋಟಾ, ಷಯಾನ್, ಕ್ರೋ ಮೊದಲಾದ ಜನರದ್ದು. ಅಲ್ಲೂ ಅದು ಫ್ಯಾಷನ್ ಆಗಿರಲಿಲ್ಲ. ಒಬ್ಬ ಮಾಡಿದ ಸಾಹಸಕ್ಕೆ, ಜನರಿಗೆ ಅವನಿಂದಾದ ಉಪಕಾರಕ್ಕೆ ಒಂದೊಂದಾಗಿ ಸಿಕ್ಕ ಹದ್ದಿನ ಗರಿಗಳು ಸೇರಿ ಕಿರೀಟ ಆಗುತ್ತಿತ್ತು. ನಮ್ಮ ಟೀಮಿನಲ್ಲಿ ಅಂಥ ಕಿರೀಟ ಆರು ಇದ್ದವು. ಎಲ್ಲಾ ಒಂದೇ ಅಂಗಡಿಯವು.

ಅಬೆನಾಕಿಗಳದ್ದು ಕಾಡಿನ ಬದುಕು. ದಟ್ಟ ಕಾಡಿನಲ್ಲಿ ನಡೆಯೋರಿಗೆ ಬೆನ್ನುದ್ದದ ಗರಿಬಾಲ ಪ್ರತಿ ಕೊಂಬೆಗೂ ಸಿಕ್ಕಿಹಾಕ್ಕೊಳ್ಳತ್ತೆ. ಇವರದ್ದು ಹಣೆಪಟ್ಟಿ, ಅದಕ್ಕೆ ಒಂದೋ ಎರಡೋ ಗರಿ. ಹೆಚ್ಚು ಗರಿ ಇದ್ದರೂ ಅವು ಪಟ್ಟಿಯಿಂದ ಮೇಲಕ್ಕೆ ನೆಟ್ಟಗೆ ನಿಲ್ಲುತ್ತವೆ, ಬೆನ್ನ ಮೇಲೆ ಇಳಿಯೋದಿಲ್ಲ. ಈ ಈಶಾನ್ಯದ ಕಾಡುಗಳ ಹಲವು ಜನರಲ್ಲಿ ಗಂಡಸರಿಗೆ ಇನ್ನೊಂದು ಬಗೆಯ ಶಿರೋಭೂಷಣ ಇತ್ತು. ಮುಳ್ಳುಹಂದಿಯ ಉದ್ದ ಕೂದಲು, ಜಿಂಕೆ ಬಾಲದ ಕೂದಲು ಹೆಣೆದು ನೆತ್ತಿಯ ಮೇಲೆ ಹುಂಜದ ಜುಟ್ಟಿನ ಹಾಗೆ ನಿಲ್ಲಿಸೋದು. ಮುಳ್ಳುಹಂದಿಯ ಮುಳ್ಳನ್ನೂ ಬಿಡುತ್ತಿರಲಿಲ್ಲ. ಬಾಯಲ್ಲಿಟ್ಟು ಮೆತ್ತಗೆ ಮಾಡಿ, ಚಪ್ಪಟೆ ಮಾಡಿ, ಬೇರು ತೊಗಟೆಗಳ ಬಣ್ಣದಲ್ಲಿ ಅದ್ದಿ, ತೊಗಲಿನ ಮೇಲೆ, ಬರ್ಚ್ ಮರದ ತೊಗಟೆಯ ಮೇಲೆ ಚಿತ್ತಾರ ಕೂರಿಸುತ್ತಿದ್ದರು. ನಮ್ಮಲ್ಲಿ ಓಲೆ ಬರೆಯೋರು ಭೂರ್ಜಪತ್ರ ಅಂತಿದ್ದರಲ್ಲ, ಅದೇ ಕುಲದ ಮರ ಈ ಬರ್ಚ್. ಕರಾವಳಿಯ ಚಿಪ್ಪಿನಿಂದ ನೇರಳೆ ಮಣಿ, ಶಂಖದಿಂದ ಬಿಳಿ ಮಣಿ ಕೊರೆದು ಪೋಣಿಸಿದರೆ ಅದು ವಾಂಪಮ್. ಒಡವೆಯೂ ಹೌದು, ಊರು ಊರುಗಳ ನಡುವಿನ ಮಾತಿಗೆ ಸಾಕ್ಷಿಯೂ ಹೌದು. ಡಚ್ಚರು, ಇಂಗ್ಲಿಷರು ಬಂದು ಅದನ್ನ ನಾಣ್ಯ ಮಾಡಿಕೊಂಡರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವಬನಾಕಿ ಹೆಂಗಸರ ಕೂರ್ಮೊನೆ ಕುಲಾವಿ. ನೆತ್ತಿಯ ಹತ್ತಿರ ಚೂಪು, ಎರಡೂ ಕಡೆ ಕಿವಿ ಮುಚ್ಚಿ ಹೆಗಲಿನ ತನಕ ಇಳಿಯತ್ತೆ. ಮಳೆಗಾಲದಲ್ಲಿ ನಮ್ಮಜ್ಜ ಕಂಬಳಿಯನ್ನ ಕೊಪ್ಪೆ ಹಾಕ್ಕೊಂಡು ಗದ್ದೆಗೆ ಹೋಗ್ತಿದ್ದ ಆಕಾರ ಕಣ್ಣ ಮುಂದೆ ತಂದ್ಕೊಳ್ಳಿ, ಹೆಚ್ಚೂಕಮ್ಮಿ ಅದೇ. ಅಂಚಿನ ತುಂಬ ರೇಷ್ಮೆ ಪಟ್ಟಿ, ಅದರ ಮೇಲೆ ಬಿಳಿ ಮಣಿಗಳಲ್ಲಿ ಎದುರುಬದುರಾಗಿ ಬಾಗಿದ ಜೋಡಿ ಸುರುಳಿಗಳು, ಆಗತಾನೇ ಬಿಚ್ಚಿಕೊಳ್ಳುತ್ತಿರೋ ಜರಿಗಿಡದ ಎಳೆಯ ಹಾಗೆ.

*

ಇಲ್ಲೊಂದು ತಮಾಷೆ ಇದೆ. ಈ ಜನರ ಬಗ್ಗೆ ಯಾರು ಬರೆದರೂ ‘ಪ್ರಕೃತಿಯ ಮಕ್ಕಳು’, ‘ಶುದ್ಧ ನೈಸರ್ಗಿಕ ವಸ್ತು’ ಅಂತ ಶುರು ಮಾಡ್ತಾರೆ. ಗರಿ, ಚಿಪ್ಪು, ತೊಗಟೆ, ತೊಗಲು ಇದ್ದರೆ ಅಸಲಿ. ಬೇರೆ ಏನಾದ್ರೂ ಬೆರೆತರೆ ನಕಲಿ ಅನ್ನೋ ಲೆಕ್ಕ. ನಾನೂ ಹಾಗೇ ಅಂದ್ಕೊಂಡಿದ್ದೆ.

ಆದರೆ ಆ ಕುಲಾವಿಗಳಲ್ಲಿ ಇವತ್ತು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರೋವು ಏನರಿಂದ ಆದವು ನೋಡಿ. ಬಟ್ಟೆ ಇಂಗ್ಲೆಂಡಿನ ಉಣ್ಣೆಯದ್ದು. ಪಟ್ಟಿ ಯುರೋಪಿನ ರೇಷ್ಮೆ. ಮಣಿಗಳು ಹಡಗಿನಲ್ಲಿ ಬಂದ ಗಾಜಿನವು. ಬಟ್ಟೆ ಬರೋ ಮುಂಚೆ ತೊಗಲಿತ್ತು, ಗಾಜು ಬರೋ ಮುಂಚೆ ಚಿಪ್ಪು, ಮುಳ್ಳು ಇತ್ತು. ವ್ಯಾಪಾರ ಬಂತು, ತುಪ್ಪಳ ಕೊಟ್ಟು ಬಟ್ಟೆ ತಗೊಂಡರು, ತಮ್ಮ ಕುಲಾವಿ ಹೊಲಿದುಕೊಂಡರು. ಆ ಕುಲಾವಿಯ ಒಂದೆಳೆಯೂ ಈ ಕಾಡಿನದ್ದಲ್ಲದೆ ಇರಬಹುದು. ಆದರೂ ಅದು ನೂರಕ್ಕೆ ನೂರು ವಬನಾಕಿ. ಅದೇ ಅಪ್ಪಟ ಹದ್ದಿನ ಗರಿ ತಂದು ನನ್ನ ತಲೆಗೆ ಸಿಕ್ಕಿಸಿದರೂ ಅದು ವೇಷವೇ. ಹಾಗಾದ್ರೆ ವಸ್ತು ಇದನ್ನ ತೀರ್ಮಾನಿಸಲ್ಲ.

ಇನ್ನೂ ಗೋಜಲಿನ ಕಥೆ ಇದೆ. 19ನೇ ಶತಮಾನದ ಕೊನೆಗೆ ಕ್ವಿಬೆಕ್‌ನ ಒಡನಾಕ್ ಊರಿನ ಅಬೆನಾಕಿ ಕುಟುಂಬಗಳು ಬೇಸಿಗೆಯಲ್ಲಿ ಗಡಿ ದಾಟಿ ಇಲ್ಲಿನ ಪ್ರವಾಸಿ ಊರುಗಳಿಗೆ ಬುಟ್ಟಿ ಮಾರೋಕೆ ಬರ್ತಿದ್ದರು. ಆಶ್ ಮರದ ದಿಮ್ಮಿಯನ್ನ ಬಡಿದು ಬಡಿದು ವರ್ಷಕ್ಕೊಂದರಂತೆ ಬೆಳೆದ ಪದರ ಬಿಡಿಸಿ, ಅದರ ಪಟ್ಟಿಯಲ್ಲಿ, ಘಮ್ಮನ್ನೋ ಸಿಹಿಹುಲ್ಲಿನ ಜಡೆಯಲ್ಲಿ ಹೆಣೆದ ಬುಟ್ಟಿ. ಒಡನಾಕಿನ ಮುಖಂಡ ಜೋಸೆಫ್ ಲೊರಾನ್ 1884ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಇಂಟರ್ವೇಲ್‌ನಲ್ಲಿ ಇಂಥ ಬೇಸಿಗೆ ಬಿಡಾರ ಶುರು ಮಾಡಿದರು. ಅದೇ ವರ್ಷ ಅಬೆನಾಕಿ–ಇಂಗ್ಲಿಷ್ ಸಂಭಾಷಣೆಯ ಪುಸ್ತಕವನ್ನೂ ಅಚ್ಚು ಹಾಕಿಸಿದರು.

ಆದರೆ ಗಿರಾಕಿಗಳ ತಲೆಯಲ್ಲಿ ಇದ್ದದ್ದು ಬಫೆಲೋ ಬಿಲ್‌ನ ಸರ್ಕಸ್ಸಿನಂಥ ಆಟದಲ್ಲಿ ಕಂಡ ‘ಇಂಡಿಯನ್’. ಬೆನ್ನುದ್ದದ ಗರಿ ಕಿರೀಟ ಇಲ್ಲದಿದ್ದರೆ ಇಂಡಿಯನ್ ಅಂತ ನಂಬ್ತಿರಲಿಲ್ಲ. ಹಾಗಾಗಿ ಪೂರ್ವದ ಕಾಡಿನ ಎಷ್ಟೋ ಜನ, ತಮ್ಮದಲ್ಲದ ಹುಲ್ಲುಗಾವಲಿನ ಕಿರೀಟ ತಲೆಗೆ ಏರಿಸಿ ಪ್ರವಾಸಿಗಳ ಮುಂದೆ ನಿಂತರು. ಮೇನ್‌ನಲ್ಲಿ ಪೆನಾಬ್‌ಸ್ಕಾಟ್ ಜನರ ದ್ವೀಪದಲ್ಲಿ ಗಾಯಕಿ ಲೂಸಿ ನಿಕೋಲಾರ್ ಮತ್ತು ಆಕೆಯ ಗಂಡ, ಪಶ್ಚಿಮದ ಕಯೋವಾ ಜನಾಂಗದ ಬ್ರೂಸ್ ಪೂಲಾ, 1947ರಲ್ಲಿ ಅಂಗಡಿ ಕಟ್ಟಿದ್ದು ಟೀಪಿ ಡೇರೆಯ ಆಕಾರದಲ್ಲಿ. ಪೆನಾಬ್‌ಸ್ಕಾಟರು ಯಾವತ್ತೂ ಟೀಪಿಯಲ್ಲಿ ಇದ್ದವರಲ್ಲ, ಬರ್ಚ್ ತೊಗಟೆಯ ಮನೆಯವರು. ಹೊಟ್ಟೆಪಾಡು. ನಮ್ಮಲ್ಲಿ ಅಮೆರಿಕದ ಕ್ಲೈಂಟಿಗೆ ಅಂತ ಹೆಸರನ್ನ ‘ಸ್ಯಾಮ್’ ಮಾಡ್ಕೊಂಡವರನ್ನ ನೋಡಿಲ್ವಾ? ನಕ್ಕರೆ ನಮ್ಮನ್ನೇ ನೋಡಿ ನಗಬೇಕು.

*

ನನ್ನೊಳಗಿನ ಇಂಜಿನಿಯರು ಇಲ್ಲಿ ಕೈ ಎತ್ತಿದ. ‘ಸಂಸ್ಕೃತಿ ಅಂದ್ರೆ ಓಪನ್ ಸೋರ್ಸು. ಎಲ್ಲರೂ ಎಲ್ಲರಿಂದ ತಗೊಂಡೇ ಬೆಳೆದಿದ್ದು. ಅವರು ಗಾಜಿನ ಮಣಿ ತಗೊಂಡ್ರು, ನಾವು ಮೆಣಸಿನಕಾಯಿ ತಗೊಂಡ್ವಿ. ಗರಿಗೆ ಏನು ಕಾಪಿರೈಟು?’

ವಾದ ಚೆನ್ನಾಗಿದೆ. ಆದರೆ ಓಪನ್ ಸೋರ್ಸಿನ ಜಗತ್ತು ಗೊತ್ತಿರೋರಿಗೆ ಒಂದು ಹಳೇ ಜಗಳ ನೆನಪಿರಬಹುದು. ಫೈರ್‌ಫಾಕ್ಸ್‌ನ ಕೋಡು ಎಲ್ಲರಿಗೂ ಮುಕ್ತ. ಡೆಬಿಯನ್‌ನವರು ಅದನ್ನ ತಮಗೆ ಬೇಕಾದ ಹಾಗೆ ಬದಲಾಯಿಸಿ ಹಂಚುತ್ತಿದ್ದರು. ಮೊಜಿಲ್ಲಾದವರು ಹೇಳಿದ್ದು ಇಷ್ಟೇ: ಕೋಡು ತಗೊಳ್ಳಿ, ಬದಲಾಯಿಸಿ, ಬೇಡ ಅನ್ನಲ್ಲ, ಆದರೆ ನಮ್ಮ ಒಪ್ಪಿಗೆ ಇಲ್ಲದೆ ಬದಲಾಯಿಸಿದ್ದನ್ನ ನಮ್ಮ ಹೆಸರಲ್ಲಿ ಹಂಚಬೇಡಿ. 2006ರಿಂದ 2016ರ ತನಕ ಡೆಬಿಯನ್‌ನಲ್ಲಿ ಅದರ ಹೆಸರು ಐಸ್‌ವೀಸಲ್ ಆಗಿತ್ತು. ಕೋಡು ಬಿಟ್ಟಿ, ಹೆಸರು ಬಿಟ್ಟಿ ಅಲ್ಲ. ಯಾಕಂದ್ರೆ ಹೆಸರು ಅನ್ನೋದು ಒಂದು ಮಾತು: ಇದರ ಹಿಂದೆ ನಾವಿದೀವಿ, ತಪ್ಪಾದರೆ ನಮ್ಮನ್ನ ಕೇಳಿ ಅನ್ನೋ ಮಾತು.

ಗರಿ, ಮಣಿ, ಚಿಪ್ಪು ಕೋಡು. ಅವನ್ನ ಯಾರೂ ಪೋಣಿಸಬಹುದು. ಆದರೆ ಒಂದು ಜನರ ಹಣೆಪಟ್ಟಿ, ಮುಖಂಡನ ಗರಿ, ಅಜ್ಜಿಯ ಕುಲಾವಿ, ಇವು ಹೆಸರುಗಳು. ರೆಸಾರ್ಟಿನಲ್ಲಿ ನಾನು ಹಾಕ್ಕೊಂಡಿದ್ದು ಬರೀ ಪುಕ್ಕ ಆಗಿದ್ದರೆ ಯಾರ ಗಂಟೂ ಹೋಗ್ತಿರಲಿಲ್ಲ. ನಾನು ಹಾಕ್ಕೊಂಡಿದ್ದು ಇನ್ನೊಬ್ಬರ ಸಹಿ.

*

ಇಷ್ಟು ಯೋಚನೆ ಮಾಡೋ ಹೊತ್ತಿಗೆ ಅಜ್ಜಿ ನೆನಪಾದಳು.

ನನಗಾಗ ಒಂಬತ್ತು ವರ್ಷ. ಅಕ್ಕನ ಮದುವೆ ಆಗಿ ಮೂರೋ ನಾಲ್ಕೋ ದಿನ. ಬೆಂಡಿನ ಬಾಸಿಂಗವನ್ನ ದೇವರ ಮನೆಯ ಗೂಟಕ್ಕೆ ನೇತು ಹಾಕಿದ್ದರು. ನಾನು ಡಬ್ಬ ಹತ್ತಿ ಅದನ್ನ ಇಳಿಸ್ಕೊಂಡು, ಹಣೆಗೆ ಕಟ್ಕೊಂಡು, ಅಂಗಳದಲ್ಲಿ ಮದುವೆ ಗಂಡಿನ ಹಾಗೆ ನಡೀತಾ ಇದ್ದೆ. ಅಜ್ಜಿ ಕಂಡಳು. ಹೊಡೆಯಲಿಲ್ಲ. ಬಂದು ದಾರ ಬಿಚ್ಚಿ, ಬಾಸಿಂಗವನ್ನ ಸೆರಗಿನಲ್ಲಿ ಒರೆಸಿ ಅಂದಳು: “ಅಯ್ಯೋ ಮಂಕೇ, ಇದು ಕಟ್ಕೊಳ್ಳೋದಲ್ಲ ಕಣೋ, ಕಟ್ಟಿಸ್ಕೊಳ್ಳೋದು.”

ಆಗ ಅರ್ಥ ಆಗಿರಲಿಲ್ಲ. ಬೆಂಡು ಅಂದ್ರೆ ಏನು, ನೀರಲ್ಲಿ ತೇಲೋವಷ್ಟು ಹಗುರ, ನಾಕಾಣೆ ಬಾಳಲ್ಲ. ಅದಕ್ಕೆ ಬೆಲೆ ಬಂದಿದ್ದು ಸೋದರಮಾವ ಬಂದು, ನೆಂಟರೆಲ್ಲ ನೋಡ್ತಾ ನಿಂತಾಗ, ಅಕ್ಕನ ಹಣೆಗೆ ಕಟ್ಟಿದ್ದರಿಂದ. ಕಟ್ಟಿದವನು ನಾಳೆ ಅವಳ ಕಷ್ಟಕ್ಕೆ ಓಡಿ ಬರಬೇಕಾದವನು. ಕಟ್ಟಿಸ್ಕೊಂಡವಳು ಆ ನೆಂಟರ ಕಣ್ಣಿಗೆ ಉತ್ತರ ಕೊಡಬೇಕಾದವಳು. ದಾರಕ್ಕೆ ಎರಡು ತುದಿ. ಒಬ್ಬನೇ ಕಟ್ಕೊಂಡ ಗಂಟಿಗೆ ಆ ಇನ್ನೊಂದು ತುದಿಯೇ ಇರಲ್ಲ.

ಅಜ್ಜಿಯ ಮಾತನ್ನ ಇಲ್ಲಿಗೆ ತಂದು ನೋಡಿದೆ, ಸರಿಹೊಂದಿತು. ಅಲಾನಿಸ್ ಒಬೊಮ್ಸಾವಿನ್ ಅಂತ ಹೆಸರಾಂತ ಸಾಕ್ಷ್ಯಚಿತ್ರ ನಿರ್ದೇಶಕಿ ಇದ್ದಾರೆ. 1932ರಲ್ಲಿ ನ್ಯೂ ಹ್ಯಾಂಪ್‌ಶೈರಿನಲ್ಲೇ ಹುಟ್ಟಿ, ಒಡನಾಕಿನಲ್ಲಿ ಬೆಳೆದ ಅಬೆನಾಕಿ. ಅವರಿಗೆ ತಮ್ಮ ಜನರ ಹಾಡು, ಕಥೆ ಕಲಿಸಿದ್ದು ತಾಯಿಯ ಕಡೆಯ ನೆಂಟ ತೇಓಫೀಲ್ ಪನಾಡಿ. ಕೊಟ್ಟವರು ಯಾರು ಅಂತ ಹೆಸರು ಹಿಡಿದು ಹೇಳಬಹುದು. 2006ರಲ್ಲಿ ಅವರು ತಮ್ಮ ಜನರ ಬಗ್ಗೆಯೇ ಒಂದು ಚಿತ್ರ ಮಾಡಿದಾಗ ಅದು ಯಾರಿಗೆ ಉತ್ತರ ಕೊಡಬೇಕು ಅನ್ನೋದೂ ಗೊತ್ತಿತ್ತು. ಒಡನಾಕ್ ಅನ್ನೋ ಹೆಸರಿಗೆ ಅವರ ಭಾಷೆಯಲ್ಲಿ ‘ಊರಲ್ಲಿ’ ಅಂತ ಅರ್ಥ. ಹಳ್ಳಿಯಿಂದ ಬಂದ ನನಗೆ ಆ ಒಂದು ಪದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಒಂದು ಬೇಸಿಗೆ ಒಡನಾಕಿಗೆ ಹೋಗಿದ್ದೆ. ನನ್ನ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಹೊಡೆಸ್ಕೊಳ್ಳೋದರಲ್ಲೇ ಅರ್ಧ ಉತ್ಸಾಹ ಇಳಿದಿತ್ತು. ಅಲ್ಲಿ ಬುಟ್ಟಿ ಮಾರುತ್ತಿದ್ದ ಒಬ್ಬ ಹಿರಿಯ ಹೆಂಗಸಿನ ಹತ್ತಿರ, ಮಗಳಿಗೆ ಒಂದು ಗರಿಯ ಹಣೆಪಟ್ಟಿ ಸಿಗತ್ತಾ ಅಂತ ಕೇಳಿದೆ. ಅವರು ನಕ್ಕು ಒಂದು ಪುಟ್ಟ ಬುಟ್ಟಿ ಕೈಗಿಟ್ಟರು. “ಇದು ಮಾರೋಕೆ ಅಂತಲೇ ಮಾಡಿದ್ದು, ಯಾರು ಬೇಕಾದ್ರೂ ತಗೊಂಡು ಹೋಗಬಹುದು. ಹಣೆಪಟ್ಟಿ ಮನೆಯೋರಿಗೆ ಮಾಡ್ತೀವಿ” ಅಂದರು. ಸಿಟ್ಟಿಲ್ಲ, ಭಾಷಣ ಇಲ್ಲ. ಆ ಬುಟ್ಟಿ ಮೂಗಿಗೆ ಹಿಡಿದರೆ ನಮ್ಮೂರಿನ ಲಾವಂಚದ ನೆನಪಾಗತ್ತೆ. ಈಗಲೂ ಮಗಳು ಅದರಲ್ಲಿ ಕ್ಲಿಪ್ಪು ಇಡ್ತಾಳೆ.

*

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಚೆಂದವಾಗಿ ಮುಗೀತಿತ್ತು. ಕಟ್ಟೋರು ಇದ್ದರೆ ಕಟ್ಟಿಸ್ಕೋ, ಇಲ್ಲದಿದ್ದರೆ ಬಿಡು ಅಂತ. ಆದರೆ ಕಟ್ಟೋ ಕೈಗಳನ್ನೇ ಯಾರಾದ್ರೂ ಕತ್ತರಿಸಿದ್ದರೆ?

ಇಲ್ಲಿ ಯಾರು ಮೂಲನಿವಾಸಿ ಅನ್ನೋದನ್ನ ಬಹುಕಾಲ ಹೇಳಿದ್ದು ಸರ್ಕಾರದ ಕಾಗದ. ಹದ್ದಿನ ಗರಿಯನ್ನೇ ನೋಡಿ. 1940ರ ಕಾನೂನಿನಿಂದ ಬೋಳುತಲೆ ಹದ್ದಿಗೆ, 1962ರಿಂದ ಸ್ವರ್ಣ ಹದ್ದಿಗೂ ಅಮೆರಿಕದಲ್ಲಿ ರಕ್ಷಣೆ ಇದೆ. ನೆಲದ ಮೇಲೆ ಬಿದ್ದಿರೋ ಒಂದು ಗರಿ ಎತ್ತಿ ಇಟ್ಟುಕೊಂಡರೂ ಅಪರಾಧ. ಸತ್ತ ಹದ್ದುಗಳೆಲ್ಲ ಕೊಲರಾಡೋದ ಒಂದು ಸರ್ಕಾರಿ ಭಂಡಾರಕ್ಕೆ ಹೋಗುತ್ತವೆ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಬುಡಕಟ್ಟಿನ ಸದಸ್ಯರು ಅರ್ಜಿ ಹಾಕಿ, ಸರದಿಯಲ್ಲಿ ನಿಂತು ಪಡೆಯಬೇಕು. ಇಡೀ ಹಕ್ಕಿ ಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಗ್ರೀನ್ ಕಾರ್ಡಿನ ಸರದಿಯಲ್ಲಿ ಇರೋ ನನಗೆ ಓದಿದಾಗ ನಗು ಬಂತು, ಆಮೇಲೆ ನಗು ಬರಲಿಲ್ಲ. ಅವರ ದೇವರ ಗರಿಗೆ ಅವರೇ ಕ್ಯೂ ನಿಲ್ಲಬೇಕು.

ಕೆನಡಾದಲ್ಲಿ ಹುಟ್ಟಿದ ಅಬೆನಾಕಿ ಈ ಕಡೆ ಬಂದು ನೆಲೆಸಬಹುದು. ಆದರೆ 1952ರ ಅಮೆರಿಕದ ವಲಸೆ ಕಾನೂನಿನ ಪ್ರಕಾರ ಅವರಲ್ಲಿ ಕನಿಷ್ಠ ಶೇಕಡಾ 50ರಷ್ಟು ‘ಇಂಡಿಯನ್ ರಕ್ತ’ ಇರಬೇಕು. ಗಡಿ ಎಳೆಯೋಕೆ ಮುಂಚೆಯೇ ಇದ್ದವರಿಗೆ, ಗಡಿ ಎಳೆದವರು ಇಟ್ಟ ಪರೀಕ್ಷೆ.

ಕೆನಡಾದ ಕಾನೂನು ಇನ್ನೊಂದು ಬಗೆಯದ್ದು. 1985ರ ತನಕ ಅಲ್ಲಿ ಒಬ್ಬ ಮೂಲನಿವಾಸಿ ಹೆಂಗಸು ಹೊರಗಿನವನನ್ನ ಮದುವೆಯಾದರೆ ಕಾಗದದಲ್ಲಿ ಅವಳು ಮೂಲನಿವಾಸಿಯಾಗಿ ಉಳೀತಿರಲಿಲ್ಲ. ಅವಳ ಅಣ್ಣ ಹೊರಗಿನವಳನ್ನ ಮದುವೆಯಾದರೆ ಅವನ ಸ್ಥಾನ ಹೋಗ್ತಿರಲಿಲ್ಲ, ಬದಲಿಗೆ ಬಂದ ಸೊಸೆಗೇ ಸ್ಥಾನ ಸಿಗ್ತಿತ್ತು. ಇದನ್ನ ಪೂರ್ತಿ ಸರಿ ಮಾಡಿಲ್ಲ ಅಂತ ಕೋರ್ಟಿಗೆ ಹೋದವರಲ್ಲಿ ಒಡನಾಕಿನ ಅಬೆನಾಕಿಗಳೇ ಮುಂದೆ. ಅಜ್ಜಿ ಮದುವೆಯಾದ ಒಂದೇ ಕಾರಣಕ್ಕೆ ಮರಿಮಕ್ಕಳ ಹೆಸರು ಪಟ್ಟಿಯಲ್ಲಿ ಇಲ್ಲ ಅನ್ನೋದು ಅಲ್ಲಿನ ದೂರು. ಡೆಶೆನೊ ಮೊಕದ್ದಮೆ ಅಂತ ಹೆಸರಾದ ಅದರಲ್ಲಿ 2015ರಲ್ಲಿ ಅವರು ಗೆದ್ದರು, 2017ರಲ್ಲಿ ಕಾನೂನು ತಿದ್ದುಪಡಿ ಆಯಿತು.

ಇತ್ತ ವರ್ಮಾಂಟ್ ರಾಜ್ಯದ ಕಥೆ ಬೇರೆ. ಅಲ್ಲಿನ ಒಂದು ಗುಂಪಿನ ಅರ್ಜಿಯನ್ನ ಕೇಂದ್ರ ಸರ್ಕಾರ 2007ರಲ್ಲಿ ತಿರಸ್ಕರಿಸಿತು. ಆದರೆ 2011 ಮತ್ತು 2012ರಲ್ಲಿ ರಾಜ್ಯದ ಶಾಸನಸಭೆ ನಾಲ್ಕು ಗುಂಪುಗಳನ್ನ ಅಬೆನಾಕಿ ಬುಡಕಟ್ಟುಗಳು ಅಂತ ಮಾನ್ಯ ಮಾಡಿತು. ಅದರಿಂದ ಅವರು ಮಾಡಿದ ಹಣೆಪಟ್ಟಿ, ಮಣಿಕೆಲಸವನ್ನ 1990ರ ಕರಕುಶಲ ಕಾನೂನಿನಂತೆ ‘ಇಂಡಿಯನ್ನರು ಮಾಡಿದ್ದು’ ಅಂತ ಮಾರಬಹುದು. ಒಡನಾಕಿನವರು ಇದನ್ನ ಒಪ್ಪೋದಿಲ್ಲ. ಇವರಲ್ಲಿ ಹೆಚ್ಚಿನವರು ನಮ್ಮ ನೆಂಟರಲ್ಲ, ವಂಶಾವಳಿ ತೋರಿಸಲಿ ಅನ್ನುತ್ತಾರೆ. 2022ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯಕ್ಕೆ ಬಂದು ಬಹಿರಂಗವಾಗಿಯೇ ಹೇಳಿದರು. ವರ್ಮಾಂಟಿನವರ ಉತ್ತರ: ನಮ್ಮ ಹಿರಿಯರು ಹೆದರಿ ಬಾಯಿ ಮುಚ್ಕೊಂಡು ಬದುಕಿದರು, ಬಚ್ಚಿಟ್ಟುಕೊಂಡವರ ಹತ್ತಿರ ಕಾಗದ ಎಲ್ಲಿಂದ ಬರತ್ತೆ?

ನಾನು ಯಾವ ಕಡೆ? ವಲಸೆ ಬಂದ ನನಗೆ ತೀರ್ಪು ಕೊಡೋ ಅಧಿಕಾರ ಇಲ್ಲ. ಆದರೆ ಅಜ್ಜಿಯ ಮಾತು ಹಿಡಿದು ಇಷ್ಟು ಹೇಳಬಲ್ಲೆ. ಶಾಸನಸಭೆ ರಸ್ತೆ ಹಾಕಬಹುದು, ತೆರಿಗೆ ಹಾಕಬಹುದು, ಬಾಸಿಂಗ ಕಟ್ಟೋಕೆ ಆಗಲ್ಲ. ವೋಟು ಹಾಕಿ ಯಾರನ್ನೂ ಯಾರ ನೆಂಟನನ್ನಾಗಿ ಮಾಡೋಕೆ ಬರಲ್ಲ. ಊರು ಅಂತ ಒಂದು ಇನ್ನೂ ಉಳಿದಿದ್ದರೆ, ಅಲ್ಲಿ ದಾರ ಹಿಡಿದವರು ಇನ್ನೂ ಇದ್ದರೆ, ಮೊದಲು ಕೇಳಬೇಕಾಗಿದ್ದು ಅವರನ್ನ. ಬಚ್ಚಿಟ್ಟುಕೊಂಡ ನೋವು ನಿಜವೇ ಆಗಿದ್ದರೂ, ಆ ನೋವು ಮನೆ ಬಾಗಿಲು ತಟ್ಟೋಕೆ ಕಾರಣ ಆಗತ್ತೆ, ಬಾಗಿಲು ಮುರಿಯೋಕೆ ಆಗಲ್ಲ.

*

ಇಷ್ಟು ಬರೆದು ಎದ್ದು ಟೀ ಮಾಡ್ಕೊಂಡು ಬಂದೆ. ಬಂದು ಕೂತಾಗ, ಅಕ್ಕನ ಮದುವೆಯ ನೆನಪಿನಲ್ಲಿ ಇಷ್ಟು ದಿನ ನಾನು ನೋಡದೆ ಬಿಟ್ಟಿದ್ದ ಒಂದು ಮೂಲೆ ಕಂಡಿತು.

ಬಾಸಿಂಗ ಕಟ್ಟೋ ಹೊತ್ತಿಗೆ ಅಜ್ಜಿ ಎಲ್ಲಿದ್ದಳು?

ಅಡುಗೆಮನೆಯ ಬಾಗಿಲ ಹಿಂದೆ. ಅಜ್ಜ ಹೋಗಿ ಎರಡು ವರ್ಷ ಆಗಿತ್ತು. ಬರಿಹಣೆಯವಳು ಆ ಗಳಿಗೆಯಲ್ಲಿ ಎದುರು ಬರಬಾರದು. ಅಕ್ಕನನ್ನ ಎತ್ತಿ ಆಡಿಸಿ ಬೆಳೆಸಿದ ಕೈ, ಆ ಬೆಂಡನ್ನ ಮುಟ್ಟೋ ಹಾಗಿರಲಿಲ್ಲ. ನನ್ನ ಹಣೆಯಿಂದ ದಾರ ಬಿಚ್ಚಿ, ಸೆರಗಿನಲ್ಲಿ ಅಷ್ಟು ಹೊತ್ತು ಒರೆಸಿದಳಲ್ಲ, ಅದು ಧೂಳಿಗಾಗಿ ಅಂತ ಅಂದ್ಕೊಂಡಿದ್ದೆ. ಬಹುಶಃ ಆ ಮದುವೆಯಲ್ಲಿ ಅವಳು ಬಾಸಿಂಗ ಮುಟ್ಟಿದ್ದು ಅದೊಂದೇ ಸಲ.

ಕಟ್ಟಿಸ್ಕೊಳ್ಳೋದು ಅಂತ ನನಗೆ ಕಲಿಸಿದವಳಿಗೇ ಕಟ್ಟೋ ಹಕ್ಕಿರಲಿಲ್ಲ. ಅದನ್ನ ಕಿತ್ತುಕೊಂಡಿದ್ದು ಯಾವ ಕೆನಡಾದ ಕಾನೂನೂ ಅಲ್ಲ. ನಾವೇ, ನಮ್ಮ ಊರೇ. ‘ಜನರನ್ನ ಕೇಳು, ಊರನ್ನ ಕೇಳು’ ಅಂತ ಇಷ್ಟು ಹೊತ್ತು ಜೋರಾಗಿ ಬರೆದೆನಲ್ಲ, ಆ ಊರು ಒಬ್ಬರ ಹಣೆಗೆ ದಾರ ಕಟ್ಟೋವಾಗ ಇನ್ನೊಬ್ಬರನ್ನ ಬಾಗಿಲ ಹಿಂದೆ ನಿಲ್ಲಿಸಿರಬಹುದು.

ಹಾಗಂತ ಊರನ್ನೇ ಕೇಳಬಾರದು ಅಂತ ನಾನು ಹೇಳಲ್ಲ. ಊರು ತಪ್ಪು ಮಾಡತ್ತೆ ಅನ್ನೋದು ಹೊರಗಿನವನಿಗೆ ಒಳನುಗ್ಗೋ ಪರವಾನಗಿ ಆಗಲ್ಲ. ಒಡನಾಕಿನವರು ತಮ್ಮ ಅಜ್ಜಿಯರನ್ನ ಕಾಗದದೊಳಗೆ ವಾಪಸ್ ತಂದಿದ್ದು ಒಳಗಿನವರಾಗಿ, ಮೂವತ್ತು ವರ್ಷ ಕಳೆದರೂ ಬಿಡದೆ ಹೋರಾಡಿ. ಅಜ್ಜಿಯ ಮಾತಿನಲ್ಲಿ ಎರಡು ಕೆಲಸ ಇವೆ. ಹಾಕ್ಕೊಳ್ಳೋಕೆ ಆಸೆ ಪಡೋನು ಕಾಯಬೇಕು, ಕೇಳಬೇಕು, ಇಲ್ಲ ಅಂದ್ರೆ ಸುಮ್ಮನಾಗಬೇಕು. ದಾರ ಹಿಡಿದೋನು ತಿರುಗಿ ನೋಡಬೇಕು, ಬಾಗಿಲ ಹಿಂದೆ ಯಾರಿದ್ದಾರೆ ಅಂತ. ಮೊದಲನೇದು ನನಗೆ ಅಬೆನಾಕಿ ನಾಡಿನಲ್ಲಿ. ಎರಡನೇದು ನಮ್ಮೂರಲ್ಲಿ.

ಮಗಳಿಗೆ ಉತ್ತರ ಕೊಡೋದು ಬಾಕಿ ಇತ್ತು. “ಕೇಳಲಿಲ್ಲ ಪುಟ್ಟಾ. ಕೇಳಬೇಕಿತ್ತು. ಕೇಳಿದ್ದರೆ ಬೇಡ ಅಂತಿದ್ದರು” ಅಂದೆ. ಫೋಟೋ ಡಿಲೀಟ್ ಮಾಡಲಾ ಅಂತ ಕೇಳಿದಳು. ಬೇಡ ಅಂದೆ. ಮಾಡಿದ್ದು ನಾನೇ, ಇರಲಿ.

ಮೊನ್ನೆ ನಮ್ಮ ಹಿತ್ತಿಲಿಗೆ ಕಾಡು ಟರ್ಕಿಗಳ ಹಿಂಡು ಬಂದಿತ್ತು. ಈ ರಾಜ್ಯದಲ್ಲಿ ಆ ಹಕ್ಕಿ ಪೂರ್ತಿ ಅಳಿದು, 1975ರಲ್ಲಿ ನ್ಯೂಯಾರ್ಕಿನಿಂದ 25 ಹಕ್ಕಿ ತಂದು ಬಿಟ್ಟ ಮೇಲೆ ಮತ್ತೆ ಹಬ್ಬಿದ್ದು. ಒಂದು ಉದ್ದನೆಯ ಪಟ್ಟೆಪಟ್ಟೆ ಗರಿ ಬಿದ್ದಿತ್ತು. ಅದನ್ನ ಇಟ್ಟುಕೊಳ್ಳೋಕೆ ಯಾವ ಕಾನೂನೂ ಅಡ್ಡ ಬರಲ್ಲ. ಮಗಳು ಜಡೆಗೆ ಸಿಕ್ಕಿಸ್ಕೊಂಡು ಬಂದು, “ಇದು ಪರವಾಗಿಲ್ವಾ?” ಅಂದಳು. ಪರವಾಗಿಲ್ಲ ಅಂದೆ. ಅವಳು ಅದಕ್ಕೆ ಯಾರ ಹೆಸರನ್ನೂ ಇಟ್ಟಿರಲಿಲ್ಲ. ಸಿಕ್ಕಿದ ಗರಿ, ಸಿಕ್ಕಿದ ಖುಷಿ, ಅಷ್ಟೇ.

ಮುಂದಿನ ವೈಶಾಖದಲ್ಲಿ ಅಕ್ಕನ ಮಗಳ ಮದುವೆ. ಸೋದರಮಾವ ಈಗ ನಾನು. ಬಾಸಿಂಗ ಕಟ್ಟೋ ಕೈ ನನ್ನದು. ಅಪ್ಪ ಹೋಗಿ ಮೂರು ವರ್ಷ ಆಯ್ತು. ಅಮ್ಮ ಈಗಾಗಲೇ ಫೋನಿನಲ್ಲಿ, “ಆ ಹೊತ್ತಿಗೆ ನಾನು ಒಳಗೆ ಅಡುಗೆಯೋರನ್ನ ನೋಡ್ಕೊಳ್ತೀನಿ ಬಿಡಪ್ಪ” ಅಂದಿದ್ದಾಳೆ. ಅಕ್ಕನಿಗೆ ಹೇಳಿದೆ, ದಾರದ ಒಂದು ತುದಿ ಅಮ್ಮನ ಕೈಗೆ ಕೊಡ್ತೀನಿ ಅಂತ. ಅಕ್ಕ ತುಂಬ ಹೊತ್ತು ಸುಮ್ಮನಿದ್ದು, “ಗಂಡಿನ ಕಡೆಯೋರು ಏನಂತಾರೋ” ಅಂದಳು.

ಏನಂತಾರೋ ನನಗೂ ಗೊತ್ತಿಲ್ಲ. ಟಿಕೆಟ್ಟು ಮಾಡಿಸಿದೀನಿ.